ಬಗ್ ವರದಿ ಮಾಡಬೇಕು, ಆದರೆ ನಾನು ಯಾರೆಂದು ಗೊತ್ತಾಗಬಾರದು

ಪ್ರಶ್ನೆ: ನಾವಿರುವುದು ಪೊನ್ನಂಪೇಟೆ ಹತ್ತಿರ. ಮಳೆಗಾಲ ಶುರುವಾದರೆ ಕರೆಂಟು ಹೋಗಿ ಎರಡು ಮೂರು ದಿನ ಬರುವುದಿಲ್ಲ. ಬಂದ ಮೇಲೆ ನಮ್ಮ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಗುರುತು ಮರೆಸಿ ಇಂಟರ್ನೆಟ್ ನೋಡುವ ಟಾರ್ ಬ್ರೌಸರ್ ಕನೆಕ್ಟ್ ಆಗದೆ ಅರ್ಧದಲ್ಲೇ ನಿಲ್ಲುತ್ತದೆ. ಅದೇ ವೈಫೈಯಲ್ಲಿ ಮೊಬೈಲ್‌ನ ಟಾರ್ ಚೆನ್ನಾಗಿ ನಡೆಯುತ್ತದೆ. ಇನ್ನೊಂದು ತೊಂದರೆ: ಕೆಲವು ಹಳೆಯ ಕನ್ನಡ ಪುಟಗಳು, ನುಡಿ ಫಾಂಟ್ ಹಾಕಿಕೊಂಡಿದ್ದರೂ, ಟಾರ್‌ನಲ್ಲಿ ಓದಲಾಗದಂತೆ ಕಾಣುತ್ತವೆ. ಇವೆರಡೂ ಬಗ್‌ಗಳೇ, ಅಂದರೆ ತಂತ್ರಾಂಶದ ದೋಷಗಳೇ? ಎಲ್ಲಿ ಹೇಳಬೇಕು, ಹೆಸರು ಹೊರಬೀಳದ ಹಾಗೆ ಹೇಳಬಹುದೇ? ಸರಿಹೋಯಿತೆಂದು ತಿಳಿಯುವುದು ಹೇಗೆ? ನನಗೆ ಸಿ ಭಾಷೆ ಸ್ವಲ್ಪ ಬರುತ್ತದೆ, ಸರಿಪಡಿಸುವ ಕೆಲಸಕ್ಕೂ ಸೇರುವ ಆಸೆಯಿದೆ.

ಉತ್ತರ: ಮೊದಲನೆಯದು ಬಹುಮಟ್ಟಿಗೆ ನಿಮ್ಮ ಕಂಪ್ಯೂಟರಿನ ಗಡಿಯಾರದ ತೊಂದರೆ. ಎರಡನೆಯದು ಟಾರ್ ಬೇಕೆಂದೇ ಮಾಡಿರುವ ಏರ್ಪಾಡು. ಎರಡೂ ಬಗ್ ಅಲ್ಲ. ಆದರೂ ಹೀಗೆ ಬೇರ್ಪಡಿಸಿ ನೋಡುವುದೇ ಬಗ್ ವರದಿಯ ಮೊದಲ ಅರ್ಧ ಕೆಲಸವಾದ್ದರಿಂದ, ಅಲ್ಲಿಂದಲೇ ಶುರು ಮಾಡೋಣ.

ಟಾರ್ ಜಾಲದಲ್ಲಿ ಯಾವ ಯಾವ ರಿಲೇಗಳಿವೆ, ಅಂದರೆ ನಿಮ್ಮ ಸಂಪರ್ಕವನ್ನು ಒಂದರಿಂದೊಂದಕ್ಕೆ ದಾಟಿಸುವ ಕಂಪ್ಯೂಟರುಗಳಿವೆ, ಎಂಬ ಪಟ್ಟಿಯನ್ನು ಡೈರೆಕ್ಟರಿ ಅಥಾರಿಟಿಗಳೆಂಬ ಕೆಲವೇ ಸರ್ವರ್‌ಗಳು ಗಂಟೆಗೊಮ್ಮೆ ಮತ ಹಾಕಿ ತಯಾರಿಸುತ್ತವೆ. ಅದಕ್ಕೆ ಕನ್ಸೆನ್ಸಸ್ ಎನ್ನುತ್ತಾರೆ. ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಅದು ಚಾಲ್ತಿ ಎಂಬುದು ಅದರಲ್ಲೇ ಬರೆದಿರುತ್ತದೆ. ಒಟ್ಟು 3 ಗಂಟೆ. ಇದು ಇವತ್ತಿನ ಪಟ್ಟಿಯೋ, ಯಾರೋ ಹಳೆಯದನ್ನು ತಂದು ಕೊಡುತ್ತಿದ್ದಾರೋ ಎಂದು ನಿಮ್ಮ ಯಂತ್ರ ತನ್ನ ಗಡಿಯಾರ ನೋಡಿಯೇ ತೀರ್ಮಾನಿಸಬೇಕು. ಒಂದೆರಡು ನಿಮಿಷ ಹೆಚ್ಚುಕಮ್ಮಿಯಾದರೆ ಟಾರ್ ಸಹಿಸಿಕೊಳ್ಳುತ್ತದೆ. ಗಂಟೆಗಟ್ಟಲೆ ತಪ್ಪಿದರೆ ಲಾಗ್‌ನಲ್ಲಿ, ಅಂದರೆ ನಡೆದದ್ದನ್ನು ತಾನೇ ಬರೆದಿಡುವ ದಾಖಲೆಯಲ್ಲಿ, ಎಚ್ಚರಿಕೆ ಬರೆಯುತ್ತದೆ. ವರ್ಷಗಟ್ಟಲೆ ಹಿಂದಿದ್ದರೆ ಮುಂದಕ್ಕೆ ಹೋಗುವುದೇ ಇಲ್ಲ.

ಹಳೆಯ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್ ಮೇಲೆ ಸಿಆರ್2032 ಎಂಬ ನಾಣ್ಯದಂಥ ಸೆಲ್ ಇರುತ್ತದೆ. ಅಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್, 3 ವೋಲ್ಟ್. ಕರೆಂಟು ಇರುವಾಗ, ಕಂಪ್ಯೂಟರ್ ಆಫ್ ಆಗಿದ್ದರೂ, ಪವರ್ ಸಪ್ಲೈಯಿಂದ ಬರುವ ಸ್ಟ್ಯಾಂಡ್‌ಬೈ ವಿದ್ಯುತ್ತೇ ಗಡಿಯಾರವನ್ನು ನಡೆಸುತ್ತದೆ. ಹಾಗಾಗಿ ಸೆಲ್ ಸತ್ತು ಎಷ್ಟು ಕಾಲವಾದರೂ ಗೊತ್ತಾಗುವುದಿಲ್ಲ. ಕರೆಂಟು ಹೋಗಿ ಯುಪಿಎಸ್ ಕೂಡ ಖಾಲಿಯಾದಾಗ ಮಾತ್ರ ಗಡಿಯಾರ ನಿಂತು, ಮತ್ತೆ ಆನ್ ಮಾಡಿದಾಗ ಕಾರ್ಖಾನೆಯಲ್ಲಿ ಇಟ್ಟ ತಾರೀಖಿಗೆ ಹೋಗಿ ನಿಲ್ಲುತ್ತದೆ. ಮಳೆಗಾಲದಲ್ಲೇ ಯಾಕೆ, ಮೊಬೈಲ್‌ನಲ್ಲಿ ಯಾಕಿಲ್ಲ ಎಂಬ ನಿಮ್ಮ ಎರಡೂ ಸಂಶಯಕ್ಕೆ ಇಲ್ಲಿ ಉತ್ತರವಿದೆ: ಮೊಬೈಲು ಸಮಯವನ್ನು ಟವರ್‌ನಿಂದ ತೆಗೆದುಕೊಳ್ಳುತ್ತದೆ. ವಿಂಡೋಸ್ ತಾನೇ ಸಮಯ ಸರಿಮಾಡಿಕೊಳ್ಳಬಾರದೇ ಎಂದರೆ, ವ್ಯತ್ಯಾಸ 15 ಗಂಟೆಗಿಂತ ಹೆಚ್ಚಾದರೆ ಮನೆಯ ಕಂಪ್ಯೂಟರಿನಲ್ಲಿ ಅದು ಸಾಮಾನ್ಯವಾಗಿ ತಾನಾಗಿ ತಿದ್ದುವುದಿಲ್ಲ. ಹೊಸ ಸೆಲ್ ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು, ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ, ಕಂಪ್ಯೂಟರ್ ಆನ್ ಆಗುವಾಗ ಸಿಗುವ ಬಯೋಸ್ ಸೆಟ್ಟಿಂಗ್‌ನಲ್ಲಿ ತಾರೀಖು ಸರಿಮಾಡಿ.

ಊಹೆಯ ಮೇಲೆ ಸೆಲ್ ಬದಲಿಸಬೇಡಿ, ಮೊದಲು ಲಾಗ್ ನೋಡಿ. ಟಾರ್ ಬ್ರೌಸರ್‌ನ ಸೆಟ್ಟಿಂಗ್ಸ್, ಅದರಲ್ಲಿ ಕನೆಕ್ಷನ್, ಪುಟದ ತೀರಾ ಕೆಳಗೆ ಲಾಗ್ ನೋಡುವ ಬಟನ್. ಗಡಿಯಾರ ತಪ್ಪಿದ್ದರೆ ಶೇಕಡಾ 10ರ ಆಸುಪಾಸಿನಲ್ಲೋ 30ರಲ್ಲೋ ನಿಂತು, ನಿಮ್ಮ ಗಡಿಯಾರ ಇಷ್ಟು ದಿನ, ಇಷ್ಟು ಗಂಟೆ, ಇಷ್ಟು ನಿಮಿಷ ಹಿಂದಿದೆ ಅಥವಾ ಮುಂದಿದೆ ಎಂದು ಅಂಕಿ ಸಮೇತ ಬರೆದಿರುತ್ತದೆ. ಆ ಅಂಕಿಯನ್ನು ನಾಡಿ ಹಿಡಿದಂತೆ ಓದಬೇಕು. ವರ್ಷಗಟ್ಟಲೆ ವ್ಯತ್ಯಾಸವಾದರೆ ಸೆಲ್. ಸರಿಯಾಗಿ 5 ಗಂಟೆ 30 ನಿಮಿಷವಾದರೆ, ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಹಾಕಿರುತ್ತೀರಿ. ಹಾರ್ಡ್‌ವೇರ್ ಗಡಿಯಾರವನ್ನು ಲಿನಕ್ಸ್ ಯುಟಿಸಿ ಎಂಬ ಜಾಗತಿಕ ಸಮಯವೆಂದು ಓದುತ್ತದೆ, ವಿಂಡೋಸ್ ಭಾರತದ ಸಮಯವೆಂದು ಓದುತ್ತದೆ. 12 ಗಂಟೆ 30 ನಿಮಿಷವೋ 13 ಗಂಟೆ 30 ನಿಮಿಷವೋ ಆದರೆ, ಟೈಮ್‌ಝೋನ್ ಅಮೆರಿಕದ ಪಶ್ಚಿಮ ಕರಾವಳಿಯದ್ದೇ ಉಳಿದಿದ್ದು, ಯಾರೋ ಪರದೆಯ ಗಡಿಯಾರವನ್ನು ಮಾತ್ರ ಕೈಯಿಂದ ತಿರುಗಿಸಿದ್ದಾರೆ. ಈ ಮೂರನೆಯದು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಪರದೆಯ ಮೂಲೆಯಲ್ಲಿ ಸಮಯ ಸರಿಯಾಗಿಯೇ ಕಾಣುತ್ತದೆ, ಆದರೆ ಟಾರ್ ನೋಡುವುದು ಯುಟಿಸಿಯನ್ನು.

ನುಡಿ ವಿಷಯಕ್ಕೆ ಬರೋಣ. ಪುಟ ತೆರೆದಾಗ ಪ, ನ, ಡ ಎಂಬ ಅಕ್ಷರಗಳ ಬದಲು ನೆತ್ತಿಯ ಮೇಲೆ ಗೆರೆ, ಟೋಪಿ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತಿದ್ದರೆ, ಅದು ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್‌ಗೆ ಮುಂಚಿನ ಪುಟ. ಅಲ್ಲಿ ಉಳಿಸಿರುವುದು ಲ್ಯಾಟಿನ್ ಅಕ್ಷರಗಳನ್ನೇ. ಅವನ್ನು ಕನ್ನಡದ ಆಕಾರದಲ್ಲಿ ತೋರಿಸುತ್ತಿದ್ದದ್ದು ನಿಮ್ಮ ಯಂತ್ರದಲ್ಲಿದ್ದ ನುಡಿ ಅಥವಾ ಬರಹ ಫಾಂಟ್. ಟಾರ್ ಬ್ರೌಸರ್ ನೀವು ಹಾಕಿಕೊಂಡ ಫಾಂಟ್‌ಗಳನ್ನು ವೆಬ್ ಪುಟಗಳಿಗೆ ಕಾಣಗೊಡುವುದಿಲ್ಲ. ಮೊದಲೇ ಗೊತ್ತುಮಾಡಿದ ಒಂದು ಪಟ್ಟಿಯ ಫಾಂಟ್‌ಗಳಿಗೆ ಮಾತ್ರ ಅವಕಾಶ. ಯಾಕೆಂದರೆ ಯಾರ ಯಂತ್ರದಲ್ಲಿ ಯಾವ ಫಾಂಟ್ ಇದೆ ಎಂಬುದೇ ಒಂದು ಬೆರಳಚ್ಚು. ಟಾರ್ ಬಳಸುವ ಅಷ್ಟು ಜನರ ನಡುವೆ ನುಡಿ ಫಾಂಟ್ ಹಾಕಿಕೊಂಡವರು ಕರ್ನಾಟಕದವರೆಂದು ಪುಟ ನಡೆಸುವವರಿಗೆ ತಕ್ಷಣ ತಿಳಿಯುತ್ತದೆ. ಆದ್ದರಿಂದ ಒಳಗಿನ ಸೆಟ್ಟಿಂಗ್ ಬದಲಿಸಿ ಫಾಂಟ್ ತೆರೆದುಕೊಳ್ಳುವ ಉಪಾಯ ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಮಾಡಬೇಡಿ. ಪಠ್ಯವನ್ನು ಕಾಪಿ ಮಾಡಿ, ಇಂಟರ್ನೆಟ್ ಬೇಡದ ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಿರುಗಿಸಿ ಓದಿ.

ಯೂನಿಕೋಡ್ ಕನ್ನಡವೇ ಒಡೆದು ಕಂಡರೆ ಮಾತು ಬೇರೆ. ‘ಲಕ್ಷ್ಮಿ’ಯ ಒತ್ತು ಪಕ್ಕಕ್ಕೆ ಸರಿದರೆ, ಅರ್ಕಾವತ್ತು ಇರಬೇಕಾದಲ್ಲಿ ಚೌಕ ಬಂದರೆ, ಅದು ನಿಜವಾದ ಬಗ್, ಮತ್ತು ಅದನ್ನು ಕನ್ನಡ ಓದಬಲ್ಲ ನಾವಲ್ಲದೆ ಬೇರೆಯವರು ಹಿಡಿಯಲಾರರು. ಆಗ ಇಡೀ ಸುದ್ದಿ ಪುಟದ ಕೊಂಡಿ ಕೊಡಬೇಡಿ. ಆ ಒಂದೇ ಪದವಿರುವ ಎರಡು ಸಾಲಿನ ಎಚ್‌ಟಿಎಂಎಲ್ ಕಡತ ಮಾಡಿ, ಆ ಪದದ ಯೂನಿಕೋಡ್ ಸಂಖ್ಯೆಗಳನ್ನು ಕ್ರಮವಾಗಿ ಬರೆಯಿರಿ. ಅಕ್ಷರಗಳನ್ನು ಕೂಡಿಸುವ ಅಥವಾ ಬಿಡಿಸುವ, ಕಣ್ಣಿಗೆ ಕಾಣದ ಗುರುತುಗಳಾದ ಝಡ್‌ಡಬ್ಲ್ಯುಜೆ ಅಥವಾ ಝಡ್‌ಡಬ್ಲ್ಯುಎನ್‌ಜೆ ನಡುವೆ ಕೂತಿದ್ದರೆ ಅದೇ ಕಾರಣವಾಗಿರುವುದು ಹೆಚ್ಚು. ಸೆಕ್ಯುರಿಟಿ ಲೆವೆಲ್ ಯಾವುದರಲ್ಲಿತ್ತೆಂದೂ ಹೇಳಿ; ಸ್ಟ್ಯಾಂಡರ್ಡ್‌ಗಿಂತ ಮೇಲಿಟ್ಟರೆ ಪುಟ ತಾನೇ ಕಳಿಸುವ ಕೆಲವು ಫಾಂಟ್‌ಗಳು ತಡೆಯಲ್ಪಡುತ್ತವೆ.

ಇನ್ನು ಯಾರಿಗೆ ಹೇಳಬೇಕೆಂಬುದು. ಟಾರ್ ಬ್ರೌಸರ್ ಎಂದರೆ ಒಂದರೊಳಗೊಂದು ಕೂತ ಮೂರು ಸಾಮಾನು: ಫೈರ್‌ಫಾಕ್ಸ್‌ನ ಇಎಸ್‌ಆರ್ (ದೀರ್ಘಕಾಲ ಬೆಂಬಲವಿರುವ) ಆವೃತ್ತಿ, ಅದರ ಮೇಲೆ ಟಾರ್‌ನವರ ತಿದ್ದುಪಡಿಗಳು, ಪಕ್ಕದಲ್ಲಿ ಬೇರೆಯೇ ಪ್ರೋಗ್ರಾಂ ಆಗಿ ಓಡುವ ಟಾರ್. ಕನೆಕ್ಟ್ ಆಗದಿದ್ದರೆ ಮೂರನೆಯದನ್ನು ನೋಡಬೇಕು. ಕನೆಕ್ಟ್ ಆಗಿ ಪುಟ ಕೆಟ್ಟಿದ್ದರೆ ಅದೇ ಪುಟವನ್ನು ಸಾದಾ ಫೈರ್‌ಫಾಕ್ಸ್ ಇಎಸ್‌ಆರ್‌ನಲ್ಲಿ ತೆರೆಯಿರಿ. ಅಲ್ಲೂ ಕೆಟ್ಟಿದ್ದರೆ ದೂರು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ದೂರುಪುಸ್ತಕವಾದ ಬಗ್‌ಜಿಲ್ಲಾಗೆ ಹೋಗಬೇಕು. ಅಲ್ಲಿ ಸರಿಯಿದ್ದು ಇಲ್ಲಿ ಮಾತ್ರ ಕೆಟ್ಟಿದ್ದರೆ, ವಿಳಾಸದ ಪಟ್ಟಿಯ ಪಕ್ಕದ ಸರ್ಕ್ಯೂಟ್ ಗುರುತು ಒತ್ತಿ ಹೊಸ ಸರ್ಕ್ಯೂಟ್, ಅಂದರೆ ರಿಲೇಗಳ ಹೊಸ ದಾರಿ, ತೆಗೆದುಕೊಳ್ಳಿ, ಮೂರು ನಾಲ್ಕು ಸಲ. ಒಮ್ಮೆ ತೆರೆದು ಒಮ್ಮೆ ತೆರೆಯದಿದ್ದರೆ ಎಕ್ಸಿಟ್ ರಿಲೇಯ, ಅಂದರೆ ಸೈಟನ್ನು ಮುಟ್ಟುವ ಕೊನೆಯ ರಿಲೇಯ, ಸಂಗತಿ. ಎಷ್ಟು ಸಲವಾದರೂ ತೆರೆಯದಿದ್ದರೆ ಆ ಸೈಟೇ ಟಾರ್‌ಗೆ ಬಾಗಿಲು ಹಾಕಿದೆ. ಭಾರತದ ಐಪಿ ವಿಳಾಸಗಳಿಗೆ ಮಾತ್ರ ತೆರೆಯುವ ಸರ್ಕಾರಿ ಸೈಟುಗಳಿವೆ. ಎಕ್ಸಿಟ್ ಯೂರೋಪಿನಲ್ಲಿದ್ದರೆ ಅವು ತೆರೆಯುವುದಿಲ್ಲ. ಇದನ್ನು ಟಾರ್‌ನವರು ತಿದ್ದಲಾರರು.

ಟಾರ್ ಯೋಜನೆಯ ದೂರುಪುಸ್ತಕ 2020ರ ಜೂನ್‌ವರೆಗೆ ಟ್ರ್ಯಾಕ್ ಎಂಬ ತಂತ್ರಾಂಶದಲ್ಲಿತ್ತು. ಆಮೇಲೆ ಕೋಡ್ ಮತ್ತು ದೂರು ಎರಡನ್ನೂ ಇಡುವ ಅವರದೇ ಗಿಟ್‌ಲ್ಯಾಬ್‌ಗೆ ಬಂತು. ಹಳೆಯ ಸಂಖ್ಯೆಗಳ ಜತೆ ಗೊಂದಲವಾಗದಿರಲೆಂದು ಹೊಸ ಟಿಕೆಟ್‌ಗಳಿಗೆ (ಒಂದೊಂದು ದೂರಿಗೆ ಒಂದು ಟಿಕೆಟ್) 40000ದಿಂದ ಎಣಿಕೆ ಶುರು ಮಾಡಿದರು. ಹಾಗಾಗಿ ಎಲ್ಲಾದರೂ 24 ಸಾವಿರದ ಸಂಖ್ಯೆ ಕಂಡರೆ ಅದು ಟ್ರ್ಯಾಕ್ ಕಾಲದ ಮಾತು, ಈಗಿನ ಆವೃತ್ತಿಗೆ ಅನ್ವಯಿಸದೆಯೂ ಇರಬಹುದು. ಗಿಟ್‌ಲ್ಯಾಬ್‌ನೊಳಗೆ ಕೋರ್ ಗುಂಪಿನಲ್ಲಿ ಟಾರ್ ಮತ್ತು ಅದನ್ನು ಹೊಸದಾಗಿ ಬರೆಯುತ್ತಿರುವ ಆರ್ಟಿ, ಅಪ್ಲಿಕೇಷನ್ಸ್ ಗುಂಪಿನಲ್ಲಿ ಟಾರ್ ಬ್ರೌಸರ್, ಆಂಟಿ-ಸೆನ್ಸಾರ್‌ಶಿಪ್ ಗುಂಪಿನಲ್ಲಿ ಟಾರ್ ತಡೆದ ಕಡೆಯಿಂದಲೂ ಒಳಹೋಗಲು ಸ್ನೋಫ್ಲೇಕ್‌ನಂಥ ಬ್ರಿಡ್ಜ್ ಸಾಧನಗಳು (ಬ್ರಿಡ್ಜ್ ಎಂದರೆ ಬಹಿರಂಗ ಪಟ್ಟಿಯಲ್ಲಿಲ್ಲದ ರಿಲೇ). ತಪ್ಪು ಮನೆಯಲ್ಲಿಟ್ಟ ಟಿಕೆಟ್ಟನ್ನು ಯಾರಾದರೂ ಸರಿಯಾದ ಕಡೆಗೆ ದಾಟಿಸುತ್ತಾರೆ, ಅಷ್ಟಕ್ಕೆ ಹೆದರಬೇಕಿಲ್ಲ. ಹೊಸದು ಬರೆಯುವ ಮುನ್ನ ಲಾಗ್‌ನ ದೋಷದ ಸಾಲನ್ನೇ ಹುಡುಕುಪಟ್ಟಿಗೆ ಹಾಕಿ ಹುಡುಕಿ. ಮುಚ್ಚಿದ ಟಿಕೆಟ್‌ಗಳಲ್ಲೂ ಹುಡುಕಿ. ಉತ್ತರ ಅಲ್ಲೇ ಸಿಗುವುದು ಹೆಚ್ಚು.

ಹೆಸರು ಹೇಳದೆ ಬರೆಯಲು ಅವರೇ ದಾರಿ ಮಾಡಿದ್ದಾರೆ. ಅನಾನಿಮಸ್ ಟಿಕೆಟ್ ಎಂಬ ಪ್ರತ್ಯೇಕ ದ್ವಾರವಿದೆ. ಅಲ್ಲಿ ಇಮೇಲ್ ಕೇಳುವುದಿಲ್ಲ; ಗುರುತಿಗಾಗಿ ಕೆಲವು ಪದಗಳ ಒಂದು ಸಾಲು ಕೊಡುತ್ತಾರೆ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಕಳೆದರೆ ಮರಳಿ ಪಡೆಯುವ ದಾರಿಯಿಲ್ಲ. ನೀವು ಬರೆದದ್ದನ್ನು ಒಬ್ಬ ಮಾಡರೇಟರ್ ಓದಿ ಒಪ್ಪಿದ ಮೇಲೆಯೇ ಅದು ಎಲ್ಲರಿಗೂ ಕಾಣುವುದು, ಹಾಗಾಗಿ ತಕ್ಷಣ ಕಾಣಲಿಲ್ಲವೆಂದು ಮತ್ತೆ ಮತ್ತೆ ಕಳಿಸಬೇಡಿ.

ಆದರೆ ದ್ವಾರ ಹೆಸರು ಕೇಳದಿದ್ದ ಮಾತ್ರಕ್ಕೆ ಗುರುತು ಗುಟ್ಟಾಗಿ ಉಳಿಯುವುದಿಲ್ಲ, ನೀವು ಬರೆದದ್ದೇ ನಿಮ್ಮನ್ನು ತೋರಿಸಿಕೊಡಬಹುದು. ಈ ಉತ್ತರದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬೇರೆ ಯಾವ ತಂತ್ರಾಂಶದಲ್ಲಾದರೂ ವಿವರ ಹೆಚ್ಚಿದ್ದಷ್ಟೂ ವರದಿ ಒಳ್ಳೆಯದು. ಅನಾಮಿಕತೆಯ ತಂತ್ರಾಂಶದಲ್ಲಿ ಬಗ್ ಬಗೆಗಿನ ವಿವರ ಬೇಕು, ನಿಮ್ಮ ಬಗೆಗಿನ ವಿವರ ಬೇಡ. ‘ದಕ್ಷಿಣ ಕೊಡಗಿನಲ್ಲಿದ್ದೇನೆ, ಇಂಥ ಕಂಪನಿಯ ಫೈಬರ್, ನಿನ್ನೆ ಸಂಜೆ 6.40ಕ್ಕೆ ಕರೆಂಟು ಬಂದ ಕೂಡಲೇ ಹೀಗಾಯಿತು’ ಎಂದು ಬರೆದರೆ, ಆ ಹೊತ್ತಿನಲ್ಲಿ ಆ ಫೀಡರಿನ ಮೇಲೆ ಟಾರ್‌ಗೆ ಕನೆಕ್ಟ್ ಆದ ಮನೆ ಬಹುಶಃ ನಿಮ್ಮದೊಂದೇ. ಬೆಂಗಳೂರಿನ ಗುಂಪಿನಲ್ಲಿ ಕರಗಿಹೋಗುವಂತೆ ಪೊನ್ನಂಪೇಟೆಯಲ್ಲಿ ಕರಗಲಾಗದು. ಅದೇ ಸಂಗತಿಯನ್ನು ‘ಹಾರ್ಡ್‌ವೇರ್ ಗಡಿಯಾರ ಮೊದಲಿನ ತಾರೀಖಿಗೆ ಹೋದ ಮೇಲೆ ಶೇಕಡಾ 30ರಲ್ಲಿ ನಿಲ್ಲುತ್ತದೆ’ ಎಂದು ಬರೆದರೆ ಡೆವಲಪರ್‌ಗೆ ಬೇಕಾದ್ದೆಲ್ಲ ಸಿಕ್ಕಿತು, ಊರಿನ ಸುಳಿವಿಲ್ಲ.

ಲಾಗ್‌ನಲ್ಲಿ ಟಾರ್ ತಾನಾಗಿಯೇ ಸೂಕ್ಷ್ಮ ವಿಳಾಸಗಳನ್ನು ಅಳಿಸಿ ಬರೆಯುತ್ತದೆ. ಸೇಫ್‌ಲಾಗಿಂಗ್ ಎಂಬ ಆ ಆಯ್ಕೆ ಮೊದಲಿನಿಂದಲೇ ಆನ್ ಇರುತ್ತದೆ, ಅದನ್ನು ಆಫ್ ಮಾಡಬೇಡಿ. ಅದು ಹಿಡಿಯದ ಕೆಲವನ್ನು ನೀವೇ ತೆಗೆಯಬೇಕು. ಕಡತದ ದಾರಿಯಲ್ಲಿ ವಿಂಡೋಸ್ ಬಳಕೆದಾರನ ಹೆಸರು, ಅಂದರೆ ಸಾಮಾನ್ಯವಾಗಿ ನಿಮ್ಮ ಹೆಸರು ಅಥವಾ ಮನೆತನದ ಹೆಸರೇ, ಇರುತ್ತದೆ. ಬ್ರಿಡ್ಜ್ ಬಳಸುತ್ತಿದ್ದರೆ ಅದರ ಸಾಲನ್ನು ಹಂಚಿಕೊಳ್ಳಬಾರದು. ಹಂಚಿದರೆ ಆ ಬ್ರಿಡ್ಜ್ ನಂಬಿದ ಉಳಿದವರಿಗೂ ಕಷ್ಟ. ಲಾಗ್‌ನ ಸಾಲುಗಳಲ್ಲಿ ಸಮಯವೂ ಇರುವುದರಿಂದ ತಾರೀಖು, ಗಂಟೆ ತೆಗೆದು ನಿಮಿಷ ಸೆಕೆಂಡು ಮಾತ್ರ ಉಳಿಸಿ; ಎರಡು ಸಾಲುಗಳ ನಡುವಿನ ಅಂತರವಷ್ಟೇ ಅವರಿಗೆ ಬೇಕಾದದ್ದು. ಪರದೆಯ ಫೋಟೋ ಬೇಡ, ಟ್ಯಾಬ್‌ಗಳು, ಕೆಳಗಿನ ಪಟ್ಟಿ, ಕೀಬೋರ್ಡ್ ಭಾಷೆ ಎಲ್ಲವೂ ಅದರಲ್ಲಿ ಬರುತ್ತವೆ. ಡೇಟಾ ಫೋಲ್ಡರಿನ ಸ್ಟೇಟ್ ಎಂಬ ಕಡತವನ್ನು ಎಂದೂ ಅಂಟಿಸಬೇಡಿ. ನಿಮ್ಮ ಗಾರ್ಡ್ ರಿಲೇಗಳು, ಅಂದರೆ ತಿಂಗಳುಗಟ್ಟಲೆ ಬದಲಾಗದ ನಿಮ್ಮ ಮೊದಲ ಹೆಜ್ಜೆ ಯಾವುದೆಂಬುದು ಅದರಲ್ಲಿದೆ. ಹಾಗೆಂದು ಆ ಫೋಲ್ಡರನ್ನು ಮೊದಲೇ ಅಳಿಸಿಬಿಟ್ಟರೆ ತೊಂದರೆ ಮಾಯವಾಗಿ ಸಾಕ್ಷ್ಯವೂ ಹೋಗುತ್ತದೆ. ಒಂದು ಪ್ರತಿ ನಿಮ್ಮಲ್ಲೇ ಇಟ್ಟುಕೊಂಡು, ಬೇರೆ ಫೋಲ್ಡರಿನಲ್ಲಿ ಹೊಸ ಟಾರ್ ಬ್ರೌಸರ್ ಬಿಚ್ಚಿ ಅದರಲ್ಲೂ ಹೀಗೇ ಆಗುತ್ತದೆಯೇ ನೋಡಿ.

ಟಿಕೆಟ್ಟಿನಲ್ಲಿ ಮೊದಲು ಬರೆಯಬೇಕಾದ್ದು ಲಾಗ್‌ನ ಆರಂಭದ ಸಾಲು. ಟಾರ್‌ನ ಆವೃತ್ತಿ, ಆಪರೇಟಿಂಗ್ ಸಿಸ್ಟಂ, ಅದು ಬಳಸುವ ಲಿಬ್‌ಇವೆಂಟ್ ಮತ್ತು ಓಪನ್‌ಎಸ್‌ಎಸ್‌ಎಲ್ ಆವೃತ್ತಿಗಳೆಲ್ಲ ಆ ಒಂದೇ ಸಾಲಿನಲ್ಲಿವೆ. ಟಾರ್ ಬ್ರೌಸರ್‌ನ ಆವೃತ್ತಿ ಬೇರೆ, ಅದರೊಳಗಿನ ಟಾರ್‌ನದ್ದು ಬೇರೆ, ಎರಡನ್ನೂ ಕೊಡಿ. ಆಮೇಲೆ ಏನು ಮಾಡಿದೆ, ಏನಾಯಿತು, ಏನಾಗಬೇಕಿತ್ತು. ಹತ್ತು ಸಲದಲ್ಲಿ ಎಷ್ಟು ಸಲ ಹಾಗಾಗುತ್ತದೆ ಎಂಬ ಎಣಿಕೆಯನ್ನು ಕೊಡುವವರು ಕಡಿಮೆ, ಆದರೆ ಡೆವಲಪರ್ ಮೊದಲು ಕೇಳುವುದು ಅದನ್ನೇ. ಇಂಗ್ಲಿಷ್ ಚೆನ್ನಾಗಿರಬೇಕಿಲ್ಲ. ಚಿಕ್ಕ ಚಿಕ್ಕ ವಾಕ್ಯ ಸಾಕು, ಅದರಿಂದ ಬರವಣಿಗೆಯ ಶೈಲಿಯೂ ಕಡಿಮೆ ಕಾಣುತ್ತದೆ. ಲಾಗ್‌ನಲ್ಲಿ ‘ಬಗ್’ ಎಂಬ ಪದದಿಂದಲೇ ಶುರುವಾಗಿ, ಕಡತದ ಹೆಸರು, ಸಾಲಿನ ಸಂಖ್ಯೆ, ಅದರಡಿ ಫಂಕ್ಷನ್‌ಗಳ ಸರಣಿ ಬಂದಿದ್ದರೆ ಯೋಚಿಸಬೇಡಿ. ಆಗಬಾರದ್ದು ಆಗಿದೆ ಎಂದು ಪ್ರೋಗ್ರಾಂ ತಾನೇ ಒಪ್ಪಿಕೊಂಡಿದೆ. ಆ ಸರಣಿಯನ್ನು ಒಂದಕ್ಷರ ಬಿಡದೆ ಅಂಟಿಸಿ.

ಒಂದು ಬಗೆಯ ದೋಷ ಮಾತ್ರ ಬಹಿರಂಗ ಟಿಕೆಟ್ಟಿಗೆ ಬರಕೂಡದು. ಬಳಸುವವರ ನಿಜವಾದ ಐಪಿ ಹೊರಹಾಕುವಂಥದ್ದು, ಟಾರ್ ಬಿಟ್ಟು ನೇರವಾಗಿ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ಹುಡುಕಿಕೊಡುವ ಸೇವೆ) ಕೇಳುವಂಥದ್ದು, ದೂರದಿಂದ ರಿಲೇಯನ್ನು ಬೀಳಿಸಬಲ್ಲಂಥದ್ದು. 2017ರ ನವೆಂಬರ್‌ನಲ್ಲಿ ಮ್ಯಾಕ್ ಮತ್ತು ಲಿನಕ್ಸ್‌ನ ಟಾರ್ ಬ್ರೌಸರ್‌ಗೆ 7.0.9 ಆವೃತ್ತಿ ತುರ್ತಾಗಿ ಬಂತು. ಫೈಲ್ ಎಂದು ಶುರುವಾಗುವ ಒಂದು ವಿಶೇಷ ಕೊಂಡಿ ಒತ್ತಿದರೆ ಆಪರೇಟಿಂಗ್ ಸಿಸ್ಟಂ ಟಾರ್ ದಾಟಿ ನೇರವಾಗಿ ಹೊರಗೆ ಸಂಪರ್ಕಿಸಿ ಐಪಿ ಬಿಟ್ಟುಕೊಡುತ್ತಿತ್ತು. ಕಂಡುಹಿಡಿದವರು ಮೊದಲು ಗುಟ್ಟಾಗಿ ತಿಳಿಸಿದ್ದರಿಂದ ಮದ್ದು ತಯಾರಾದ ಮೇಲೆ ಸುದ್ದಿ ಹೊರಬಂತು. ಇಂಥದ್ದಕ್ಕೆ ಗಿಟ್‌ಲ್ಯಾಬ್‌ನಲ್ಲಿ ಟಿಕೆಟ್ಟನ್ನು ಕಾನ್ಫಿಡೆನ್ಷಿಯಲ್ ಎಂದು ಗುರುತಿಸುವ ಆಯ್ಕೆಯಿದೆ, ಟಾರ್‌ನ ಭದ್ರತಾ ತಂಡಕ್ಕೆ ಗೂಢಲಿಪಿಯಲ್ಲಿ ಇಮೇಲ್ ಕಳಿಸುವ ದಾರಿಯೂ ಇದೆ. ಹೀಗೆ ಬಂದ ಟಾರ್ ದೋಷಗಳಿಗೆ ಟ್ರೋವ್ ಎಂಬ ಹೆಸರಿನಡಿ ವರ್ಷವಾರು ಸಂಖ್ಯೆ ಕೊಡುತ್ತಾರೆ. ಸಂಶಯವಿದ್ದರೆ ಗುಟ್ಟಾಗಿಯೇ ಹೇಳಿ. ಬೇಡವಾದರೆ ಅವರೇ ಬಹಿರಂಗ ಮಾಡುತ್ತಾರೆ.

ಸರಿಹೋಯಿತೇ ಎಂದು ತಿಳಿಯಲು ಟಿಕೆಟ್ ಮುಚ್ಚಿದೆಯೇ ಎಂದು ನೋಡಿದರೆ ಸಾಲದು. ಮುಚ್ಚಿದೆ ಎಂದರೆ ಹೆಚ್ಚೆಂದರೆ ತಿದ್ದುಪಡಿ ಮೂಲ ಕೋಡ್‌ಗೆ ಸೇರಿದೆ ಎಂದಷ್ಟೇ ಅರ್ಥ. ಅದು ನಿಮ್ಮ ಬ್ರೌಸರ್‌ಗೆ ಬರಲು ಒಂದು ಬಿಡುಗಡೆ ಆಗಬೇಕು. ಟಾರ್‌ನ ಚೇಂಜ್‌ಲಾಗ್ (ಆವೃತ್ತಿವಾರು ಬದಲಾವಣೆಗಳ ಪಟ್ಟಿ) ತೆರೆದು ಟಿಕೆಟ್ ಸಂಖ್ಯೆ ಹುಡುಕಿ. ಪ್ರತಿ ತಿದ್ದುಪಡಿಯ ಕೊನೆಗೆ ಎರಡು ಮಾಹಿತಿ ಇರುತ್ತದೆ: ಯಾವ ಸಂಖ್ಯೆಯ ಬಗ್ ಸರಿಯಾಯಿತು, ಆ ಬಗ್ ಯಾವ ಆವೃತ್ತಿಯಲ್ಲಿ ಹೊಕ್ಕಿತ್ತು. ಎರಡನೆಯದರಿಂದ ನಿಮ್ಮ ಆವೃತ್ತಿಗೆ ಅದು ತಟ್ಟಿತ್ತೋ ಇಲ್ಲವೋ ತಿಳಿಯುತ್ತದೆ. ತಿದ್ದುಪಡಿಯನ್ನು ಬೇಕಾದಷ್ಟು ಹಳೆಯ ಮೇಂಟ್ ಶಾಖೆಗೆ (ಒಂದು ಆವೃತ್ತಿ ಸರಣಿಗೆಂದು ಇಟ್ಟ ಕೋಡ್‌ನ ಪ್ರತಿ) ಮೊದಲು ಹಾಕಿ ಅಲ್ಲಿಂದ ಮುಂದಿನ ಶಾಖೆಗಳಿಗೆ ಸೇರಿಸುತ್ತಾ ಬರುತ್ತಾರೆ. ‘ಮಾಹಿತಿ ಬೇಕು’ ಎಂಬ ಲೇಬಲ್ ಬಿದ್ದಿದ್ದರೆ ಚೆಂಡು ನಿಮ್ಮ ಅಂಗಳದಲ್ಲಿದೆ. ಅನಾಮಿಕರಿಗೆ ಇಮೇಲ್ ಬಾರದ ಕಾರಣ ವಾರಕ್ಕೊಮ್ಮೆ ನೀವೇ ಹೋಗಿ ನೋಡಬೇಕು. ಹಾಗೆ ನೋಡದೆ ಸತ್ತುಹೋದ ಒಳ್ಳೆಯ ಟಿಕೆಟ್‌ಗಳು ಬಹಳ.

ಹೊಸ ಸೌಲಭ್ಯ ಬೇಕೆಂದು ಕೇಳುವುದು ಬೇರೆ ದಾರಿ. ಟಾರ್‌ನಲ್ಲಿ ದೊಡ್ಡ ಬದಲಾವಣೆ ಎಂದರೆ ಮೊದಲು ಪ್ರಪೋಸಲ್ ಎಂಬ ದಸ್ತಾವೇಜು, ಅದಕ್ಕೊಂದು ಸಂಖ್ಯೆ, ಚರ್ಚೆ, ಆಮೇಲೆ ಕೋಡ್. ಟಾರ್‌ನೊಳಗೇ ನಡೆಯುವ ಸೈಟುಗಳಾದ ಆನಿಯನ್ ಸೇವೆಗಳನ್ನು ಸುಳ್ಳು ಬೇಡಿಕೆಗಳಿಂದ ಮುಳುಗಿಸುವ ದಾಳಿಗೆ ತಡೆಯಾಗಿ, ಬರುವವರ ಕಂಪ್ಯೂಟರ್ ಒಂದು ಲೆಕ್ಕ ಬಿಡಿಸಲಿ ಎಂಬ ವಿಚಾರ 327ನೇ ಪ್ರಪೋಸಲ್ ಆಗಿತ್ತು, 2023ರಲ್ಲಿ 0.4.8 ಸರಣಿಯಲ್ಲಿ ಜನರ ಕೈಗೆ ಬಂತು. ಇಷ್ಟು ನಿಧಾನವೇಕೆ ಎಂದರೆ, ಪ್ರತಿ ಹೊಸ ಆಯ್ಕೆಯೂ ಅದನ್ನು ಆರಿಸಿಕೊಂಡವರನ್ನು ಉಳಿದವರಿಂದ ಬೇರೆಯಾಗಿ ಕಾಣಿಸುತ್ತದೆ. ನೂರು ಜನ ಮಾತ್ರ ಒತ್ತುವ ಬಟನ್ ಆ ನೂರು ಜನರನ್ನು ಗುಂಪಿನಿಂದ ಎತ್ತಿ ತೋರಿಸುತ್ತದೆ. ನಿಮ್ಮ ಬೇಡಿಕೆಯಲ್ಲಿ ಈ ಪ್ರಶ್ನೆಗೆ ನೀವೇ ಉತ್ತರ ಬರೆದಿದ್ದರೆ ಅದನ್ನು ಗಂಭೀರವಾಗಿ ಓದುತ್ತಾರೆ.

ಕೋಡ್‌ಗೆ ಇಳಿಯುವುದಾದರೆ, ಹಳೆಯ ಟಾರ್ ಇರುವುದು ಸಿ ಭಾಷೆಯಲ್ಲಿ. ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆಯುತ್ತಿರುವ ಆರ್ಟಿಯ 1.0.0 ಆವೃತ್ತಿ 2022ರ ಸೆಪ್ಟೆಂಬರ್‌ನಲ್ಲಿ ಬಂತು, ಕ್ಲೈಂಟ್ ಕಡೆಯ ಹೊಸ ಕೆಲಸದ ಒತ್ತು ಈಗ ಅಲ್ಲಿ. ನಿಮಗೆ ಸಿ ಬರುವುದರಿಂದ ಹಳೆಯ ಟಾರ್‌ನಲ್ಲಿ ಚಿಕ್ಕ ದೋಷವೊಂದನ್ನು ಹಿಡಿಯಿರಿ. ಟೆಸ್ಟ್ ಬರೆದು, ‘ಮೇಕ್ ಚೆಕ್’ ಓಡಿಸಿ, ಚೇಂಜಸ್ ಫೋಲ್ಡರಿನಲ್ಲಿ ಟಿಕೆಟ್ ಸಂಖ್ಯೆಯ ಹೆಸರಿನ ಪುಟ್ಟ ಕಡತ ಸೇರಿಸಬೇಕು. ಹಿಂದೆ ಹೇಳಿದ ಚೇಂಜ್‌ಲಾಗ್ ಸಾಲು ಹುಟ್ಟುವುದು ಆ ಕಡತದಿಂದಲೇ. ಅದಿಲ್ಲದಿದ್ದರೆ ವಿಮರ್ಶೆಯಲ್ಲಿ ವಾಪಸ್ ಬರುತ್ತದೆ. ಯಾವ ಬದಲಾವಣೆಯಿಂದ ಬಗ್ ಬಂತೆಂದು ಹುಡುಕಲು ಕೋಡ್‌ನ ಇತಿಹಾಸ ಕಾಯುವ ಗಿಟ್‌ನಲ್ಲಿ ಬೈಸೆಕ್ಟ್ ಇದೆ. ಸಾವಿರ ಬದಲಾವಣೆಗಳಿದ್ದರೂ ಪ್ರತಿ ಸಲ ಅರ್ಧ ಅರ್ಧ ಕಡಿಯುವುದರಿಂದ ಸುಮಾರು 10 ಪರೀಕ್ಷೆಯಲ್ಲಿ ಸಿಗುತ್ತದೆ. ಕೋಡ್ ಬರೆಯದೆ, ಬೇರೆಯವರ ಟಿಕೆಟ್ಟಿಗೆ ಬೈಸೆಕ್ಟ್ ಮಾಡಿ ಫಲಿತಾಂಶವಷ್ಟೇ ಹಾಕಿದರೂ ಡೆವಲಪರ್‌ನ ದಿನವೊಂದು ಉಳಿಯುತ್ತದೆ.

ಮಳೆಗಾಲದಲ್ಲಿ ಮಾಡುವವರಿಗೆ ಕೊನೆಯ ಮಾತು. ಗಿಟ್ ಕ್ಲೋನ್, ಅಂದರೆ ಕೋಡ್ ಇಳಿಸಿಕೊಳ್ಳುವುದು, ಅರ್ಧಕ್ಕೆ ನಿಂತರೆ ನಿಂತಲ್ಲಿಂದ ಮುಂದುವರಿಯುವುದಿಲ್ಲ, ಮೊದಲಿನಿಂದ ಇಳಿಸಬೇಕು. ಟಾರ್ ಬ್ರೌಸರ್‌ನ ಕೋಡ್ ಎಂದರೆ ಇಡೀ ಫೈರ್‌ಫಾಕ್ಸ್ ಇತಿಹಾಸ, ಹಲವು ಜಿಬಿ. ಕರೆಂಟು ಹೋಗಿಬರುವ ಕಡೆ ಅದನ್ನು ಒಂದೇ ಏಟಿಗೆ ಇಳಿಸಲು ಹೋಗಬೇಡಿ. ಡೆಪ್ತ್ 1 ಎಂದು ಕೊಟ್ಟು ಇತ್ತೀಚಿನದನ್ನು ಮಾತ್ರ ತನ್ನಿ, ಆಮೇಲೆ ಡೀಪನ್ ಆಯ್ಕೆಯಿಂದ ಐನೂರೈನೂರು ಬದಲಾವಣೆಗಳಂತೆ ಹಿಂದಕ್ಕೆ ಬೆಳೆಸುತ್ತಾ ಹೋಗಿ. ಒಂದು ಕಂತು ಮುಗಿದ ಮೇಲೆ ಕರೆಂಟು ಹೋದರೂ ಆ ಕಂತು ನಿಮ್ಮದೇ. ಬೈಸೆಕ್ಟ್ ಶುರು ಮಾಡುವ ಮುನ್ನ ನಿಮ್ಮ ಬಗ್ ಇಲ್ಲದ ಹಳೆಯ ಆವೃತ್ತಿಯವರೆಗೆ ಇತಿಹಾಸ ಬಂದಿದೆಯೇ ನೋಡಿಕೊಳ್ಳಿ. ಬಂದಿರದಿದ್ದರೆ ‘ಒಳ್ಳೆಯದು’ ಎಂದು ಗುರುತು ಹಾಕಲು ಗಿಟ್‌ಗೆ ಆ ಬಿಂದುವೇ ಸಿಗುವುದಿಲ್ಲ.